ಡೇಟಾಬೇಸ್ ಆರಿಸುವ ಮುನ್ನ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಹೊಸ ಪ್ರಾಜೆಕ್ಟಿನ ಡೇಟಾ ಎಲ್ಲವನ್ನೂ ಮೊಂಗೋಡಿಬಿ ಅನ್ನುವ ಡಾಕ್ಯುಮೆಂಟ್ ಡೇಟಾಬೇಸಿಗೆ ಹಾಕುತ್ತೇವೆ, ಸ್ಕೀಮಾ (ಯಾವ ಹೆಸರಿನಲ್ಲಿ ಯಾವ ಥರದ ಮಾಹಿತಿ ಇರಬೇಕು ಅನ್ನುವ ನಕ್ಷೆ) ಬರೆಯುವ ತಲೆನೋವೇ ಇಲ್ಲ ಅಂತ ಬರೆದಿದ್ದೀಯ. ಸ್ವಲ್ಪ ತಡಿ. ಸ್ಕೀಮಾ ಎಲ್ಲಿಗೂ ಹೋಗುವುದಿಲ್ಲ ಕಣೇ. ಡೇಟಾಬೇಸ್ ಬಿಟ್ಟು ನಿನ್ನ ಕೋಡಿನೊಳಗೆ ಬಂದು ಕೂರುತ್ತದೆ.

ನಾನು ನೋಡಿದ, ದಾಖಲೆಗಳನ್ನು ಗುಂಪಾಗಿ ಇಟ್ಟಿದ್ದ ಒಂದು ಕಲೆಕ್ಷನ್‌ನಲ್ಲಿ ಕೆಲವರ ನಂಬರ್ 'ಫೋನ್' ಅಂತ ಇತ್ತು, ಕೆಲವರದ್ದು 'ಮೊಬೈಲ್' ಅಂತ. ಒಂದು ಕಡೆ ಸ್ಟ್ರಿಂಗ್ (ಅಕ್ಷರಗಳ ಸಾಲು), ಇನ್ನೊಂದು ಕಡೆ ಇಂಟಿಜರ್ (ಪೂರ್ಣಾಂಕ). ಇಂಟಿಜರ್ ಆದಲ್ಲೆಲ್ಲ ಮುಂದಿನ ಸೊನ್ನೆ ಮಾಯ! ತಪ್ಪು ಡೇಟಾ ಒಳಬರದಂತೆ ತಡೆಯುವ ವ್ಯಾಲಿಡೇಶನ್ ಹಾಕಬಹುದಿತ್ತು, ಯಾರೂ ಹಾಕಿರಲಿಲ್ಲ. ಅದನ್ನು ಸರಿಮಾಡಲು ವಾರಗಟ್ಟಲೆ ಕೂತೆವು.

ಇನ್ನೊಂದು ದಾರಿ, ಡೇಟಾವನ್ನು ಸಾಲು, ಕಾಲಂ ಇರುವ ಟೇಬಲ್‌ಗಳಲ್ಲಿ ಇಡುವುದು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಅದನ್ನು ತೋರಿಸಿದರು. ಡೇಟಾ ಒಳಗೆ ಹೇಗೆ ಕೂತಿದೆ ಅನ್ನುವುದು ಪ್ರಶ್ನೆ ಕೇಳುವವರಿಗೆ ಗೊತ್ತಿರಬೇಕಿಲ್ಲ ಅನ್ನುವುದು ಅವರ ಮಾತು. ನಾಳೆ ಯಾರು ಯಾವ ರಿಪೋರ್ಟ್ ಕೇಳುತ್ತಾರೋ ತಿಳಿಯದಾಗ ಇದೇ ಕೈಹಿಡಿಯುವುದು. ಮೊಂಗೋಡಿಬಿಯ ಡಾಕ್ಯುಮೆಂಟ್ ಹಾಗಲ್ಲ, ಇವತ್ತಿನ ಪ್ರಶ್ನೆಗೆ ತಕ್ಕಂತೆ ಜೋಡಿಸಿದ ಗಂಟು. ಒಂದೊಂದು ವಸ್ತುವಿಗೆ ಒಂದೊಂದು ಥರದ ವಿವರ ಇರುವ ಕ್ಯಾಟಲಾಗ್‌ಗೆ ಅದು ಚೆನ್ನಾಗಿ ಒಗ್ಗುತ್ತದೆ. ಲಾಗಿನ್ ಆದವರ ಸೆಷನ್, ಮತ್ತೆ ಮತ್ತೆ ಬೇಕಾಗುವುದನ್ನು ಕೈಗೆಟುಕುವಂತೆ ಇಡುವ ಕ್ಯಾಶ್, ಇವಕ್ಕೆ ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್ ಇಟ್ಟುಕೋ.

ಆದರೆ ಹಣದ ಲೆಕ್ಕ? ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಕೂಡಿಸುವ ನಡುವೆ ಸರ್ವರ್ ಬಿದ್ದರೆ, ಎರಡೂ ಆಗಿರಬೇಕು, ಇಲ್ಲ ಎರಡೂ ಆಗಿರಬಾರದು. ಇದಕ್ಕೇ ಟ್ರಾನ್ಸಾಕ್ಷನ್ ಅನ್ನುವುದು. ಮೊಂಗೋಡಿಬಿಗೂ 2018ರಿಂದ ಹಲವು ಡಾಕ್ಯುಮೆಂಟ್‌ಗಳ ಟ್ರಾನ್ಸಾಕ್ಷನ್ ಬಂದಿದೆ, ನಿಜ. ಆದರೂ ಇಂಥದ್ದಕ್ಕೆ ನಾನು ಟೇಬಲ್ ಥರದ ಡೇಟಾಬೇಸಾದ ಪೋಸ್ಟ್‌ಗ್ರೆಸ್‌ನಲ್ಲೇ ಶುರುಮಾಡು ಅನ್ನುತ್ತೇನೆ. ಇಲ್ಲದ ಖಾತೆಯ ಹೆಸರಲ್ಲಿ ಲೆಕ್ಕ ಸೇರದಂತೆ ಫಾರಿನ್ ಕೀ ಅಲ್ಲಿ ಕಾವಲಿಗೆ ನಿಲ್ಲುತ್ತದೆ. ಆಕಾರ ಗೊತ್ತಿಲ್ಲದ ಭಾಗ ಇದ್ದರೆ, ಡಾಕ್ಯುಮೆಂಟ್ ಥರದ್ದನ್ನು ಟೇಬಲ್ಲಿನೊಳಗೇ ಇಡುವ ಒಂದು ಜೇಸನ್‌ಬಿ ಕಾಲಂ ಸಾಕು, 2014ರಿಂದಲೂ ಇದೆ. ಸುಮ್ನೆ ಎರಡು ಡೇಟಾಬೇಸ್ ಇಟ್ಟರೆ ಎರಡನ್ನೂ ಹೊಂದಿಸುವ ಕೆಲಸ ನಿನ್ನ ತಲೆಗೇ ಅಲ್ವಾ?

ಹುಡುಕಾಟ ಬೇಗ ಆಗಲು ಇಡುವ ಇಂಡೆಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ವೆರಿ ನಿಧಾನವಾದರೆ ಮೊದಲು ಎಕ್ಸ್‌ಪ್ಲೇನ್ ಓಡಿಸಿ, ಡೇಟಾಬೇಸ್ ಯಾವ ದಾರಿಯಲ್ಲಿ ಹುಡುಕುತ್ತಿದೆ ಅಂತ ನೋಡು.

ಯಾವುದನ್ನೇ ಆರಿಸು, ಬ್ಯಾಕಪ್ ಆಗುತ್ತಿದೆ ಅಂತ ಸುಮ್ಮನೆ ನಂಬಿ ಕೂರಬೇಡ. ನಮ್ಮಲ್ಲಿ ದಿನಾ ರಾತ್ರಿ ಬ್ಯಾಕಪ್ ಆಗುತ್ತಿತ್ತು. ಬೇಕಾದ ದಿನ ತೆರೆದರೆ ಫೈಲು ಸೊನ್ನೆ ಬೈಟ್. ಡಿಸ್ಕ್ ತುಂಬಿ ಎಷ್ಟೋ ದಿನ ಆಗಿತ್ತು. ಆ ರಾತ್ರಿ ಎದೆ ಹೊಡೆದುಕೊಂಡಿದ್ದು ಇನ್ನೂ ನೆನಪಿದೆ. ರೆಪ್ಲಿಕಾ (ಜೊತೆಜೊತೆಗೇ ಬದಲಾಗುವ ಇನ್ನೊಂದು ಪ್ರತಿ) ಇದೆಯಲ್ಲ ಅನ್ನಬೇಡ, ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲೂ ಕ್ಷಣದಲ್ಲಿ ಅಳಿಯುತ್ತದೆ.

ಈ ವಾರವೇ ಬೇರೆ ಮಷಿನ್ ಮೇಲೆ ಒಮ್ಮೆ ಬ್ಯಾಕಪ್ಪಿನಿಂದ ಎಲ್ಲವನ್ನೂ ರಿಸ್ಟೋರ್ ಮಾಡು. ಸಾಲುಗಳ ಲೆಕ್ಕ ತಾಳೆಯಾಯಿತಾ, ಎಷ್ಟು ಹೊತ್ತು ಹಿಡಿಯಿತು ಅಂತ ನನಗೆ ಬರೆ.

ನಿನ್ನ ಚಿಕ್ಕಪ್ಪ