ಬೇವಿನ ಮರಕ್ಕೆ ಬಿಗಿದ ಕಡಗ ಬಿಚ್ಚಿಸಿ

ಮಾನ್ಯ ಸಂಪಾದಕರೇ,

ನಾನು ತಿಕೋಟಾ ಭಾಗದಲ್ಲಿ ಮೂರು ಎಕರೆ ದ್ರಾಕ್ಷಿ ಬೆಳೆಯುವ ರೈತ ಮಹಿಳೆ. ಮಗಳು ವಿಜಯಪುರದಲ್ಲಿ ಓದುತ್ತಿರುವುದರಿಂದ ಹದಿನೈದು ದಿನಕ್ಕೊಮ್ಮೆ ನಗರಕ್ಕೆ ಬರುತ್ತೇನೆ. ಅವಳು ಉಳಿದುಕೊಂಡಿರುವ ಮನೆಯ ಮುಂದಿನ ರಸ್ತೆಯಲ್ಲಿ ಸಾಲಾಗಿ ಹನ್ನೊಂದು ಬೇವಿನ ಮರಗಳಿವೆ. ಈ ಸಲ ಯುಗಾದಿಗೆ ಹತ್ತು ಮರಗಳು ಚಿಗುರಿ ಹೂಬಿಟ್ಟು ರಸ್ತೆಯೆಲ್ಲ ಘಮಘಮಿಸುತ್ತಿದ್ದರೆ, ಒಂದು ಮಾತ್ರ ಬೋಳಾಗಿ ನಿಂತಿತ್ತು.

‘ಹುಳ ಬಿದ್ದಿರಬೇಕು’ ಎಂದರು ಎದುರಿನ ಕಿರಾಣಿ ಅಂಗಡಿಯವರು. ನಾನು ಕುಳಿತು ನೋಡಿದೆ. ಹುಳವಲ್ಲ. ಸಸಿಯಾಗಿದ್ದಾಗ ಆಡು ಮೇಯದಿರಲೆಂದು ಸುತ್ತ ನಿಲ್ಲಿಸಿದ್ದ ಜಾಲರಿಯ ಕಬ್ಬಿಣದ ಕಡಗ ಕಾಂಡದೊಳಗೆ ಹೂತುಹೋಗಿತ್ತು. ಕಡಗದ ಮೇಲ್ಭಾಗದಲ್ಲಿ ತೊಗಟೆ ಉಬ್ಬಿ, ಕೊಡ ಹೊರುವವರ ತಲೆಯ ಮೇಲಿನ ಸಿಂಬೆಯಂತೆ ಸುತ್ತಲೂ ದಪ್ಪಗೆ ಕುಳಿತಿತ್ತು. ಕೆಳಗೆ ಕಾಂಡ ಅದರ ಅರ್ಧದಷ್ಟೂ ಇರಲಿಲ್ಲ. ದ್ರಾಕ್ಷಿ ಬೆಳೆಯುವ ಯಾರಿಗಾದರೂ ಈ ಗುರುತು ಕಂಡೊಡನೆ ಮರ ಏಕೆ ಸತ್ತಿತೆಂಬುದು ತಿಳಿಯುತ್ತದೆ.

ಏಕೆಂದರೆ ಇದನ್ನೇ ನಾವು ತೋಟದಲ್ಲಿ ಬೇಕೆಂದೇ ಮಾಡುತ್ತೇವೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಕಾಯಿ ಕಟ್ಟಿ ಸಜ್ಜೆಕಾಳಿಗಿಂತ ತುಸು ದೊಡ್ಡದಾದಾಗ, ಬಳ್ಳಿಯ ಕಾಂಡದ ಸುತ್ತ ನಾಲ್ಕೈದು ಮಿಲಿಮೀಟರ್ ಅಗಲದ ತೊಗಟೆಯನ್ನು ಉಂಗುರದಂತೆ ತೆಗೆಯುವುದಕ್ಕೆ ಗರ್ಡ್ಲಿಂಗ್ ಎನ್ನುತ್ತಾರೆ. ಮದುವೆಯಾಗಿ ಬಂದ ವರ್ಷ ನನ್ನ ಮಾವನವರು ಕೈಗೆ ಚಾಕು ಕೊಟ್ಟು, ‘ತೊಗಟೆ ಬಿಡಿಸಮ್ಮ, ಕಟ್ಟಿಗೆಗೆ ಗಾಯ ಮಾಡಬೇಡ’ ಎಂದಿದ್ದರು. ಬೇರಿನಿಂದ ನೀರು ಮೇಲೇರುವುದು ಕಟ್ಟಿಗೆಯ ಒಳಗಿನ ದಾರಿಯಿಂದ. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಕೆಳಗಿಳಿಯುವುದು ಒಳತೊಗಟೆಯ ದಾರಿಯಿಂದ. ತೊಗಟೆಯ ದಾರಿ ಕಡಿದರೆ ಸಕ್ಕರೆ ಕೆಳಗಿಳಿಯದೆ ಗೊಂಚಲಿಗೆ ಸೇರಿ ಕಾಯಿ ದಪ್ಪವಾಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಗಾಯ ಕೂಡಿಕೊಳ್ಳುತ್ತದೆ. ಅಷ್ಟು ದಿನ ಬೇರಿಗೆ ಉಪವಾಸ. ಆದ್ದರಿಂದಲೇ ಸೊರಗಿದ ಬಳ್ಳಿಗೆ ನಾವು ಚಾಕು ಮುಟ್ಟಿಸುವುದಿಲ್ಲ.

ಬೇವಿನ ಮರದ ಕಡಗ ಮೂರು ವಾರದ್ದಲ್ಲ. ಕಾಂಡ ದಪ್ಪವಾದಷ್ಟೂ ಅದು ವರ್ಷ ವರ್ಷ ಬಿಗಿಯಾಗುತ್ತಲೇ ಹೋಗುತ್ತದೆ.

ಮಗಳ ವಿಜ್ಞಾನದ ಪುಸ್ತಕದಲ್ಲಿ ಗಿಡದ ಚಿತ್ರವಿದೆ. ಬೇರು ನೀರು ಹೀರುತ್ತದೆ, ಕಾಂಡ ಸಾಗಿಸುತ್ತದೆ, ಎಲೆ ಆಹಾರ ತಯಾರಿಸುತ್ತದೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ನೀರಿನ ದಾರಿಗೆ ಕ್ಸೈಲಂ, ಸಕ್ಕರೆಯ ದಾರಿಗೆ ಫ್ಲೋಯಂ ಎಂಬ ಹೆಸರುಗಳೂ ಬಾಯಿಪಾಠ. ‘ಹಾಗಾದರೆ ಕತ್ತಲಲ್ಲಿರುವ ಬೇರಿಗೆ ಊಟ ಹಾಕುವವರು ಯಾರು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸತ್ತ ಮರದ ಆ ಉಬ್ಬನ್ನು ಮುಟ್ಟಿ ನೋಡಿ, ‘ಅಮ್ಮ, ಮರ ಎತ್ತರಕ್ಕೆ ಬೆಳೆದಂತೆ ಕಡಗವೂ ಮೇಲೆ ಹೋಗಬೇಕಿತ್ತಲ್ಲ?’ ಎಂದಳು. ಹೋಗುವುದಿಲ್ಲ. ಮರ ಎತ್ತರವಾಗುವುದು ತುದಿಗಳಲ್ಲಿ ಮಾತ್ರ. ಕಾಂಡ ಇದ್ದಲ್ಲೇ ದಪ್ಪವಾಗುತ್ತದೆ. ಸಸಿಯಲ್ಲಿ ಮೊಣಕಾಲೆತ್ತರಕ್ಕಿದ್ದ ಕಡಗ ಇಂದಿಗೂ ಮೊಣಕಾಲೆತ್ತರದಲ್ಲೇ ಇದೆ. ಇಟಲಿಯ ಮಾಲ್ಪಿಗಿ ಎಂಬ ವೈದ್ಯ 17ನೇ ಶತಮಾನದಲ್ಲೇ ಮರದ ತೊಗಟೆಯನ್ನು ಉಂಗುರದಂತೆ ತೆಗೆದು, ಗಾಯದ ಮೇಲ್ಭಾಗ ಉಬ್ಬುವುದನ್ನು ಗಮನಿಸಿದ್ದನಂತೆ. ಅವನು ಕಂಡದ್ದನ್ನು ನಾವು ಇಂದು ನಮ್ಮ ರಸ್ತೆಯಲ್ಲೇ ಕಾಣಬಹುದು.

ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿ: ಹೀಗೆ ಬಿಗಿದ ಮರ ತಕ್ಷಣ ಬಾಡುವುದಿಲ್ಲ. ನೀರಿನ ದಾರಿ ಒಳಗೆ ಇನ್ನೂ ತೆರೆದಿರುವುದರಿಂದ ಎಲೆ ಹಸಿರಾಗಿಯೇ ಇರುತ್ತದೆ. ನೋಡುವವರಿಗೆ ಮರ ಚೆನ್ನಾಗಿಯೇ ಇದೆ. ನೆಲದಡಿಯಲ್ಲಿ ಮಾತ್ರ ಬೇರು ತಾನು ಕೂಡಿಟ್ಟುಕೊಂಡಿದ್ದನ್ನು ತಿಂದು ಮುಗಿಸುತ್ತಿರುತ್ತದೆ. ಅದು ಮುಗಿದಾಗ ಹೊಸ ಬೇರು ಒಡೆಯುವುದಿಲ್ಲ, ನೀರು ಏರುವುದಿಲ್ಲ, ಒಂದು ಬೇಸಿಗೆಯಲ್ಲಿ ಮರ ಒಣಗಿ ನಿಲ್ಲುತ್ತದೆ. ಆಗ ಹುಳದ ಮೇಲೆ, ಬಿಸಿಲಿನ ಮೇಲೆ ದೂರು. ಉಳಿದ ಹತ್ತು ಮರಗಳಲ್ಲಿ ನಾಲ್ಕಕ್ಕೆ ಇಂಥದೇ ಕಡಗವಿದೆ. ಎರಡಕ್ಕೆ ಬ್ಯಾನರ್ ಕಟ್ಟಿದ ತಂತಿ ಹಾಗೆಯೇ ಉಳಿದಿದೆ. ಆ ಆರೂ ಮರಗಳು ಸದ್ಯಕ್ಕೆ ಹಸಿರಾಗಿವೆ.

ಬುಡಕ್ಕೆ ಒತ್ತಿಕೊಂಡೇ ಸಿಮೆಂಟ್ ಇಟ್ಟಿಗೆ ಹಾಸಿರುವುದೂ ತಪ್ಪು. ನೀರು ಹೀರುವ ಎಳೆಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಅವುಗಳಿಗೂ ಉಸಿರಾಡಲು ಗಾಳಿ ಬೇಕು. ನಮ್ಮ ಎರೆಮಣ್ಣಿನಲ್ಲಿ ನೀರು ನಿಂತರೆ ಬೆಳೆ ಹಳದಿಯಾಗುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಬುಡದಲ್ಲಿ ಕಸ ಸುಡುವವರಿಗೆ ಕೈಮುಗಿದು ಕೇಳುತ್ತೇನೆ, ದಯವಿಟ್ಟು ಬೇಡ. ತೊಗಟೆಗೂ ಕಟ್ಟಿಗೆಗೂ ನಡುವೆ ಕೇಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಹೊಸ ತೊಗಟೆಯನ್ನೂ ಹೊಸ ಕಟ್ಟಿಗೆಯನ್ನೂ ಹುಟ್ಟಿಸುವುದು ಅದೇ. ಹೊರಗೆ ಬರೀ ಕಪ್ಪು ಮಸಿ ಕಂಡರೂ ಒಳಗೆ ಅದು ಬೆಂದುಹೋಗಿರುತ್ತದೆ.

ಕೋಟಿ ವೃಕ್ಷ ಅಭಿಯಾನ ನಡೆದ ಜಿಲ್ಲೆ ನಮ್ಮದು. ಬರದ ನಾಡಿನಲ್ಲಿ ಜನ ಕೊಡದಲ್ಲಿ ನೀರು ಹೊತ್ತು ಸಸಿ ಬದುಕಿಸಿದ್ದನ್ನು ನಾನೇ ನೋಡಿದ್ದೇನೆ. ಹಾಗೆ ಬದುಕಿದ ಮರವನ್ನು ಒಂದು ಕಬ್ಬಿಣದ ಕಡಗಕ್ಕೆ ಬಿಟ್ಟುಕೊಡಬಾರದು. ಮಳೆಗಾಲಕ್ಕೆ ಮುನ್ನ ಎಲ್ಲ ಬಡಾವಣೆಗಳಲ್ಲೂ ಜಾಲರಿಗಳನ್ನು ಪರಿಶೀಲಿಸಿ, ಕಾಂಡಕ್ಕೆ ತಾಗಿದವುಗಳನ್ನು ಸಂಬಂಧಪಟ್ಟವರು ಕತ್ತರಿಸಿ ತೆಗೆಸಬೇಕು. ಈಗಾಗಲೇ ಒಳಗೆ ಹೂತಿರುವ ಕಬ್ಬಿಣವನ್ನು ಎಳೆದು ಕೀಳಬಾರದು, ತೊಗಟೆಯೂ ಜೊತೆಗೆ ಕಿತ್ತುಬರುತ್ತದೆ. ಎರಡು ಮೂರು ಕಡೆ ತುಂಡರಿಸಿ ಬಿಗಿ ಸಡಿಲಿಸಿದರೆ ಸಾಕು. ಬುಡದ ಸುತ್ತ ಮೂರು ಅಡಿಯಾದರೂ ಇಟ್ಟಿಗೆ ತೆಗೆದು ಮಣ್ಣು ತೆರೆದಿಡಬೇಕು.

ನಮ್ಮ ರಸ್ತೆಯ ಆ ಆರು ಮರಗಳಿಗೆ ಅನುಮತಿ ಸಿಕ್ಕರೆ ಯಾವ ಭಾನುವಾರ ಕರೆದರೂ ನಾನೇ ಬರುತ್ತೇನೆ. ಬಳ್ಳಿ ಹಬ್ಬಿಸುವ ತಂತಿ ಕತ್ತರಿಸುವ ಕಟರ್ ನಮ್ಮಲ್ಲಿದೆ. ಮಗಳೂ ಜೊತೆಗಿರುತ್ತಾಳೆ.

– ಒಬ್ಬ ದ್ರಾಕ್ಷಿ ಬೆಳೆಗಾರ್ತಿ, ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ