ಕಂಡಕ್ಟರ್ ಮಾವನಿಗೆ, ಮತ್ತೆ ನಮ್ಮ ಚರ್ಚ್ ಸಭೆಯವರೆಲ್ಲರಿಗೆ

ಎಲ್ಲರಿಗೂ ವಂದನೆ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ನಿನ್ನೆಗೆ ನಲವತ್ತು ದಿನ. ಎಡಗೈ ಇನ್ನೂ ಮಾತು ಕೇಳುವುದಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೇ ಇದೆ. ನಿನ್ನೆ ನಾನು ಮಾಡಿದ ಸಾರಿಗೆ ಹುಳಿ ಜಾಸ್ತಿ ಅಂತ ಬೈದಳು. ಸರಿ, ಇನ್ನು ನಾಲ್ಕು ಮಾತು ಬರೆಯಬಹುದು ಅನಿಸಿತು. ಏನಾಯಿತು, ಹೇಗಾಯಿತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ತೆಗೆಯುವುದಿಲ್ಲ.

ರಕ್ತ ಕೊಟ್ಟ ಯುವಜನ ಕೂಟದ ಹುಡುಗರಿಗೆ, ಸರದಿ ಹಾಕಿಕೊಂಡು ಬುತ್ತಿ ತಂದ ಮಹಿಳಾ ಕೂಟದ ಅಕ್ಕಂದಿರಿಗೆ, ದಿನಾ ಸಂಜೆ ಪ್ರಾರ್ಥನೆಗೆ ಬಂದ ಪಾದ್ರಿ ಅಯ್ಯನವರಿಗೆ, ನಾನು ಬರುವ ತನಕ ನಮ್ಮ ಕೋಳಿಗಳಿಗೆ ಕಾಳು ಹಾಕಿದ ಎದುರುಮನೆ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಳು ಅಂತ ಬೇಜಾರು ಮಾಡಿಕೊಳ್ಳಬೇಡಿ. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ನನ್ನನ್ನು ನೇಪಾಳಕ್ಕೆ ಕಳಿಸಿದ್ದು ನಮ್ಮ ಸಭೆ. ತಾನ್‌ಸೇನ್ ಬೆಟ್ಟದ ಮೇಲೆ 1954ರಲ್ಲಿ ಶುರುವಾದ ಮಿಷನ್ ಆಸ್ಪತ್ರೆ ಇದೆ. ಅಲ್ಲಿ ನಾನು ನರ್ಸ್. ರಜೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತೀರಿ, "ಎಷ್ಟು ಜನ ಸಭೆಗೆ ಸೇರಿದರು?" ಅಂತ. ಆ ದೇಶದ 2015ರ ಸಂವಿಧಾನ ಮತಾಂತರ ಮಾಡಬಾರದು ಅನ್ನುತ್ತದೆ. ನಾನು ಮಾಡೋದು ಡ್ರೆಸ್ಸಿಂಗ್, ಸಲೈನ್, ಹೆರಿಗೆ. ಲೆಕ್ಕ ಬೇಕಿದ್ದರೆ ಹೆರಿಗೆಗಳದ್ದು ಕೊಡಬಲ್ಲೆ.

ಇದಕ್ಕೆಲ್ಲ ಸಭೆಯ ದುಡ್ಡು ಕಳಿಸೋದು ಬೇಡ ಅಂತ ಪ್ರತಿ ವರ್ಷ ಕಮಿಟಿಯಲ್ಲಿ ಎದ್ದು ನಿಂತು ಹೇಳಿದವರು ಒಬ್ಬರೇ, ಕಂಡಕ್ಟರ್ ಮಾವ. ಹಾಸನ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಕಲೇಶಪುರದ ಕಡೆ ತೋಟದ ಲೈನ್ ಮನೆ ಮಕ್ಕಳಿಗೆ ಸಭೆಯವರು ನಡೆಸುವ ಸಂಜೆ ಪಾಠಕ್ಕೆ ಅವರ ತಕರಾರಿಲ್ಲ. ದುಡ್ಡು ಗಡಿ ದಾಟಬಾರದು, ಅಷ್ಟೇ. "ಇಲ್ಲಿ ಚಾವಣಿ ಸೋರ್ತಾ ಇದೆ, ಬಕೆಟ್ ಇಟ್ಕೊಂಡು ಆರಾಧನೆ ಮಾಡ್ತಾ ಇದೀವಿ. ಊರಿಗೆ ಉಪಕಾರಿ, ಮನೆಗೆ ಮಾರಿ!" ಈ ಮಾತು ಹೇಳಿದಾಗ ನಾನು ಹಿಂದಿನ ಬೆಂಚಲ್ಲೇ ಕೂತಿದ್ದೆ. ಕಾಣಲಿಲ್ಲ ಅಂತ ಆಮೇಲೆ ಅಂದರು. ಕಂಡಿದ್ದರು.

ತಮಾಷೆ ಅಂದರೆ ಆ ಮಿಷನ್ ದುಡ್ಡನ್ನು ಎತ್ತಿಕೊಡೋದೂ ಅವರೇ. ಚರ್ಚಿನ ಸುಗ್ಗಿ ಹಬ್ಬದ ಹರಾಜಿಗೆ ಅವರ ಗಂಟಲಿಲ್ಲದೆ ಆಗೋದಿಲ್ಲ. ಹೋದ ಸಲ ಒಂದೇ ಹುಂಜವನ್ನು ನಾಲ್ಕು ಸಲ ಮಾರಿದರು. ಕೊಂಡವರೆಲ್ಲ ವಾಪಸ್ ಕಾಣಿಕೆಗೆ ಕೊಡೋದು, ಇವರು ಮತ್ತೆ ಕೂಗೋದು. ಕೊನೆಗೆ ಆ ಹುಂಜ ಸುಸ್ತಾಗಿ ಆಲೂಗಡ್ಡೆ ಮೂಟೆಯ ಮೇಲೆ ಕೂತು ತೂಕಡಿಸುತ್ತಿತ್ತು.

ಆ ರಾತ್ರಿಗೆ ಬರುತ್ತೇನೆ.

ಅಮ್ಮನನ್ನು ಮೈಸೂರಿಗೆ ಸಾಗಿಸಬೇಕು ಅಂದಾಗ ಹನ್ನೆರಡೂವರೆ. ಜೋರು ಮಳೆ. ಆಂಬುಲೆನ್ಸ್ ಹತ್ತಿದ್ದು ಕಂಡಕ್ಟರ್ ಮಾವ. ಯಾರೂ ಹೇಳಿರಲಿಲ್ಲ. ನಾನು ತಾನ್‌ಸೇನಿನಲ್ಲಿ ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿದ್ದೆ. ಇಡೀ ಕಟ್ಟಡದಲ್ಲಿ ನನ್ನ ಫೋನಿಗೆ ಸಿಗ್ನಲ್ ಸಿಗೋದು ಆ ಮೂರನೇ ಮೆಟ್ಟಿಲಲ್ಲಿ ಮಾತ್ರ.

ಅವರು ಅಮ್ಮನ ಸ್ಥಿತಿ ಹೇಳಲಿಲ್ಲ. ಸ್ಟಾಪ್ ಹೇಳಿದರು. "ಹೊಳೆನರಸೀಪುರ ದಾಟಿತು ಕಣಮ್ಮ." ಫೋನ್ ಕಟ್. ಸ್ವಲ್ಪ ಹೊತ್ತಿಗೆ, "ಹಳ್ಳಿಮೈಸೂರು." ಆಮೇಲೆ ಭೇರ್ಯ. ಆ ದಾರಿಯ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದ್ದೀನೋ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೆ ಒಂದೊಂದು ತಿರುವೂ ಕಾಣುತ್ತಿತ್ತು. ಕೆ.ಆರ್. ನಗರದಲ್ಲಿ, "ಎರಡು ಗಂಟೆ ಈಗ, ಟೈಮಿಗೆ ಸರಿಯಾಗಿದೀವಿ" ಅಂದರು. ನನ್ನ ಕೈಗಡಿಯಾರದಲ್ಲಿ ಎರಡೂಕಾಲು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ದಿನಾ ನೋಡೋದೇ, ಹೊಸದೇನಲ್ಲ. ಆದರೆ ಆವತ್ತು ತಲೆ ಕೆಟ್ಟಿತ್ತು. ಇದು ಕಾಲು ಗಂಟೆ ಹಿಂದಿನ ಸುದ್ದಿ, ಇಷ್ಟರಲ್ಲಿ ಅಮ್ಮ ಇದ್ದಾಳೋ ಇಲ್ಲವೋ ಅಂತ ಹುಚ್ಚು ಲೆಕ್ಕ ಹಾಕುತ್ತಾ ಕೂತೆ.

ಒಳಗೆ ಯಾರದ್ದೋ ಅಮ್ಮನ ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ಎದ್ದು ಹೋಗಿ ಬದಲಾಯಿಸಿ ಬಂದೆ. ಅವರ ಕೈ ಬೆಚ್ಚಗಿತ್ತು. ಮತ್ತೆ ಮೂರನೇ ಮೆಟ್ಟಿಲಿಗೆ ಬಂದು ಅತ್ತೆ. ಮನೆಗೆ ಮಾರಿ. ಅವರು ಹೇಳಿದ್ದು ಸರಿ ಅಲ್ವಾ ಅನಿಸಿತು. ದೇವರ ಮೇಲೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಪ್ರಾರ್ಥನೆಗೆ ಬಾಯಿ ಬರಲಿಲ್ಲ. ಇಲವಾಲ ಇನ್ನೂ ಬಂದಿಲ್ಲವಾ ಅನ್ನೋದೊಂದೇ ನನ್ನ ಪ್ರಾರ್ಥನೆ.

ಇಲವಾಲ ಬಂತು. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಅವರ ದನಿ, ಗಂಟಲು ಕಟ್ಟಿತ್ತು: "ಮೈಸೂರು ಬಂತು, ಇಳೀರಿ ಇಳೀರಿ ಅಂದೆ ನಿಮ್ಮಮ್ಮಂಗೆ. ಕಣ್ಣು ಬಿಟ್ಟಳು ಕಣಮ್ಮ."

ನಾನು ತಾನ್‌ಸೇನಿನಿಂದ ಇಳಿದು, ಸುನೌಲಿ ಗಡಿ ದಾಟಿ, ಗೋರಖ್‌ಪುರದಲ್ಲಿ ರೈಲು ಹತ್ತಿ, ಮೈಸೂರು ಮುಟ್ಟುವ ಹೊತ್ತಿಗೆ ನಾಲ್ಕು ದಿನ. ಅಷ್ಟು ದಿನವೂ ಅವರು ಐಸಿಯು ಹೊರಗಿನ ಬೆಂಚು ಬಿಟ್ಟಿರಲಿಲ್ಲ. ಪಕ್ಕದಲ್ಲಿ ಹಳೇ ಚರ್ಮದ ಚೀಲ. ಅದರಲ್ಲಿ ಅಮ್ಮನ ಬಿಲ್ಲುಗಳು ದಿನಾಂಕದ ಪ್ರಕಾರ, ರಬ್ಬರ್ ಬ್ಯಾಂಡ್ ಹಾಕಿ, ಚಿಲ್ಲರೆ ಬೇರೆ. ನನ್ನನ್ನು ನೋಡಿ ಮೊದಲು ಲೆಕ್ಕ ಒಪ್ಪಿಸಿದರು. ಆಮೇಲೆ ಎದ್ದು ಟೀ ಕುಡಿಯೋಕೆ ಹೋದರು.

ಒಂದು ದಿನ ಅದೇ ಬೆಂಚಲ್ಲಿ ಕೂತು ವಾದ ಮಾಡಿದೆವು. ನಾನು ಹುಟ್ಟಿದ್ದು ಹಾಸನದ ರೆಡ್‌ಫರ್ನ್ ಆಸ್ಪತ್ರೆಯಲ್ಲಿ. ಅದನ್ನು ಕಟ್ಟಿದ್ದು ಇಂಗ್ಲೆಂಡಿನಿಂದ ಬಂದ ಮೆಥಡಿಸ್ಟ್ ಮಿಷನ್. "ಅಲ್ಲಿ ಯಾವುದೋ ಸಣ್ಣ ಊರಿನ ಚರ್ಚಿನವರು ಡಬ್ಬಿಗೆ ಕಾಸು ಹಾಕಿದ್ದಕ್ಕೇ ಅಲ್ವಾ ಮಾವ, ನಮ್ಮಮ್ಮನ ಹೆರಿಗೆ ಆಗಿದ್ದು? ಅವರ ಚಾವಣಿಯೂ ಸೋರುತ್ತಿತ್ತೋ ಏನೋ." ಅವರು ಸುಮ್ನೆ ಕೂತರು. ಗೆದ್ದೆ ಅಂದುಕೊಂಡೆ. "ಇರಬಹುದು. ಆದ್ರೂ ನಮ್ಮದು ಸೋರೋದು ನಿಲ್ಲಲ್ವಲ್ಲ" ಅಂದರು.

ಹೋದ ವಾರದ ಕಮಿಟಿಯಲ್ಲಿ ಮತ್ತೆ ಎದ್ದು ನಿಂತು ಬೇಡ ಅಂದರಂತೆ. ಅಯ್ಯನವರು ನಗುತ್ತಾ ಹೇಳಿದರು.

ನಾನು ಮುಂದಿನ ತಿಂಗಳು ವಾಪಸ್ ಹೋಗುತ್ತೇನೆ. ಹೋಗು ಅಂದದ್ದು ಅಮ್ಮನೇ. ಚಿಕ್ಕಮ್ಮ ಬಂದು ಜೊತೆಗಿರುತ್ತಾಳೆ. ಚಾವಣಿ ಹೆಂಚಿಗೆ ನನ್ನ ಕೈಲಾದಷ್ಟು ಖಜಾಂಚಿಯವರ ಹತ್ತಿರ ಕೊಟ್ಟಿದ್ದೇನೆ, ರಸೀದಿ ಮಾವನ ಹೆಸರಿಗೆ ಬರೆಸಿದ್ದೇನೆ. ಅದಕ್ಕೂ ಜಗಳ ಇದ್ದದ್ದೇ.

ಮಾವ, ಭಾನುವಾರ ಆರಾಧನೆ ಮುಗಿದ ಮೇಲೆ ಸೀದಾ ಮನೆಗೆ ಬನ್ನಿ. ಒತ್ತುಶ್ಯಾವಿಗೆ, ಕಾಯಿಹಾಲು. ಅಮ್ಮನಿಗೆ ಒರಳು ಒತ್ತೋಕೆ ಆಗಲ್ಲ, ನಾನೇ ಒತ್ತುತ್ತೇನೆ. ದಪ್ಪ ಆಯಿತು, ಹಿಟ್ಟು ಹದ ಇಲ್ಲ ಅಂತ ಇಬ್ಬರೂ ಸೇರಿ ಬೈಯಿರಿ.