ಅಪ್ಪ, ಬೆಳೆ ಹಬ್ಬಕ್ಕೆ ಮುಂಚೆ ದೊಡ್ಡಪ್ಪನ್ನ ನೋಡ್ಕೊಂಡು ಬನ್ನಿ

ಸ್ಟುಟ್‌ಗಾರ್ಟ್, ಜರ್ಮನಿ, ಬುಧವಾರ

ಅಪ್ಪ ಅಮ್ಮ ಇಬ್ಬರಿಗೂ ವಂದನೆಗಳು, ಅಜ್ಜಿಗೂ ಹೇಳಿ. ನಾನು ಚೆನ್ನಾಗಿದೀನಿ. ಊಟ ಸರಿಯಾಗಿ ಮಾಡ್ತಿದೀನಿ, ಕೆಮ್ಮು ಪೂರ್ತಿ ಹೋಯ್ತು, ದಪ್ಪ ಜಾಕೆಟ್ ಇದೆ, ಬೆಚ್ಚಗಿನ ರೂಮಿದೆ, ಅಮ್ಮ ಸುಮ್ನೆ ಯೋಚನೆ ಮಾಡ್ಬೇಡ. ಸುನಿ ಪರೀಕ್ಷೆ ಎಂತ ಆಯ್ತು ಅಂತ ಯಾರೂ ಬರೀಲಿಲ್ಲ.

ಇಲ್ಲಿ ಈ ವಾರ ಮೆಟ್ಟಿಲು ಗುಡಿಸೋ ಸರದಿ ನಂದು. ನಗ್ಬೇಡಿ, ಇದಕ್ಕೆ ಕೆಹರ್‌ವೊಖೆ ಅಂತ ಹೆಸರೇ ಇದೆ, ಸರದಿ ಬಂದವರ ಬಾಗಿಲಿಗೆ ಒಂದು ಬೋರ್ಡ್ ನೇತು ಹಾಕ್ತಾರೆ, ಇಂಜಿನಿಯರ್ ಆಗ್ಲಿ ಡಾಕ್ಟರ್ ಆಗ್ಲಿ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸ್ಲೇಬೇಕು. ನನಗೆ ಇದು ತುಂಬ ಇಷ್ಟ. ಇನ್ನೊಂದು ಅಪ್ಪಂಗೆ: 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ತೀರಿಕೊಂಡಿದ್ದು ಇಲ್ಲೇ ಪಕ್ಕದ ಎಸ್ಲಿಂಗನ್ನಲ್ಲಿ, ಟ್ರೈನಲ್ಲಿ ಸ್ವಲ್ಪ ಹೊತ್ತು ಅಷ್ಟೆ. ಕನ್ನಡದ ಮೊದಲ ಪತ್ರಿಕೆ ಮಾಡಿದವರು ಈ ಊರಿನ ಕಡೆಯವರು ಅಂತ ಕೆಲಸದಲ್ಲಿ ಎಲ್ಲರಿಗೂ ಹೇಳಿದೀನಿ.

ಈಗ ವಿಷಯಕ್ಕೆ ಬರ್ತೀನಿ. ಅಮ್ಮನ ಕಾಗದ ಓದಿದಾಗಿಂದ ನಿದ್ದೆ ಸರಿಯಾಗಿಲ್ಲ. ದೊಡ್ಡಪ್ಪಂಗೆ ಎರಡು ಕಿಡ್ನಿನೂ ಹೋಗಿ ಡಯಾಲಿಸಿಸ್ ಶುರುವಾಗಿದೆ, ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿ ಬರ್ತಿದಾರೆ, ಎಲೆಚುಕ್ಕಿ ರೋಗಕ್ಕೆ ತೋಟದ ಫಸಲೂ ಹೋಗಿದೆ, ದೊಡ್ಡಮ್ಮ ಸರ ಅಡ ಇಟ್ಟಿದಾರೆ, ಇಷ್ಟೆಲ್ಲ ಆದ್ರೂ ಅಪ್ಪ ಇನ್ನೂ ಅವರ ಮನೆ ಮೆಟ್ಟಿಲು ಹತ್ತಿಲ್ಲ. ಬೇಲಿ ದಾಟಿದ್ರೆ ಮನೆ! ಅದರ ಮೇಲೆ ನಾನು ಕಳಿಸಿದ ದುಡ್ಡಲ್ಲಿ ಸ್ವಲ್ಪ ಕೊಡೋಣ ಅಂತ ಅಮ್ಮ ಕೇಳಿದ್ರೆ, ಅದು ಚರ್ಚಿನ ಬೆಳೆ ಹಬ್ಬಕ್ಕೆ ಸಭೆಗೆ ಹರಕೆ ಮಾಡಿಟ್ಟ ದುಡ್ಡು, ದೇವರದ್ದು, ಮುಟ್ಟೋ ಹಾಗಿಲ್ಲ ಅಂದ್ರಂತೆ.

ಅಪ್ಪ, ನೀವು ನಮ್ಮ ಸಭೆ ಹಿರಿಯರು. ಪಾದ್ರಿ ಅಯ್ಯನವರಿಗೇ ಅಧ್ಯಾಯ ವಚನ ನೆನಪು ಮಾಡಿಕೊಡೋರು ನೀವು. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ 8, 9 ನಮಗೆಲ್ಲ ಬಾಯಿಪಾಠ ಮಾಡಿಸಿದ್ದೂ ನೀವೇ, ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದ ಅಲ್ಲ ಅಂತ. ಆದ್ರೆ 9 ಆದ್ಮೇಲೆ 10 ಇದೆ ಅಪ್ಪ. ಒಳ್ಳೇ ಕೆಲಸ ಮಾಡಕ್ಕೇ ನಮ್ಮನ್ನ ಉಂಟುಮಾಡಿದಾನೆ ಅಂತ ಅದರಲ್ಲಿದೆ, ಸಂಜೆ ಕೂಟದಲ್ಲಿ ನಾವು ಯಾವಾಗ್ಲೂ 9ಕ್ಕೇ ನಿಲ್ಲಿಸ್ತಿದ್ವಿ. ನಮ್ಮ ಪ್ರೊಟೆಸ್ಟೆಂಟರ ಗುರು ಅಂತ ನೀವು ಅಷ್ಟು ಮೆಚ್ಚೋ ಲೂಥರ್, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನೋ ಯಾಕೋಬನ ಪತ್ರವನ್ನ ಹುಲ್ಲಿನ ಪತ್ರ, ಅಂದ್ರೆ ಸತ್ವ ಇಲ್ಲದ್ದು ಅಂತ 1522ರಲ್ಲಿ ಬರೆದ್ರು ಅಂತೀರಲ್ಲ, ಅದೇ ವರ್ಷ ರೋಮಾಪುರದ ಪತ್ರಕ್ಕೆ ಬರೆದ ಮುನ್ನುಡಿಯಲ್ಲಿ ಅವರೇ ಹೇಳಿದಾರೆ, ನಂಬಿಕೆ ಅನ್ನೋದು ಜೀವ ಇರೋ, ಸುಮ್ನೆ ಕೂರದ ವಸ್ತು, ಒಳ್ಳೇದು ಮಾಡ್ಬೇಕಾ ಅಂತ ಕೇಳೋದ್ರೊಳಗೆ ಅದು ಮಾಡಿ ಮುಗಿಸಿರತ್ತೆ ಅಂತ. ಇಲ್ಲಿ ಬೈಬಲ್ ಕೂಟದಲ್ಲಿ ಇದನ್ನ ಓದಿದಾಗ ನಿಮ್ಮ ನೆನಪು ಬಂತು.

ಇಲ್ಲಿ ಚರ್ಚೆಲ್ಲ ಖಾಲಿ ಅಂತೆ ಅಂತ ಕೂಟದಲ್ಲಿ ಮಾತಾಡ್ತಾರಂತಲ್ಲ. ಭಾನುವಾರ ಜನ ಕಮ್ಮಿ, ನಿಜ. ಸಭೆಗೆ ಸೇರಿದವರ ಸಂಬಳದಲ್ಲೇ ಚರ್ಚ್ ತೆರಿಗೆ ಹಿಡೀತಾರೆ, ನಾನಿರೋ ಈ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ 8%, ಅದಕ್ಕೇ ಎಷ್ಟೋ ಜನ ಹೆಸರು ತೆಗೆಸಿದಾರೆ. ಆದ್ರೆ ಇಲ್ಲಿ ಲಿಯೊನ್‌ಹಾರ್ಡ್ ಚರ್ಚಲ್ಲಿ 1995ರಿಂದ ಚಳಿಗಾಲದಲ್ಲಿ ವೆಸ್ಪರ್‌ಕಿರ್ಖೆ ಅಂತ ಮಾಡ್ತಾರೆ. ಚರ್ಚ್ ಒಳಗೇ ಟೇಬಲ್ ಹಾಕಿ ಬಿಸಿ ಊಟ, ಮನೆ ಇಲ್ಲದವರು, ಕುಡಿಯೋರು, ಪೆನ್ಷನ್ ಸಾಕಾಗದ ಅಜ್ಜಿಯಂದಿರು, ಬ್ಯಾಂಕಲ್ಲಿ ಕೆಲಸ ಮಾಡೋರು ಎಲ್ಲ ಒಂದೇ ಟೇಬಲಲ್ಲಿ. ನಾನೂ ರಜೆ ದಿನ ಬಡಿಸಕ್ಕೆ ಹೋಗ್ತೀನಿ. ಒಬ್ಬ ಮುದುಕರು, ಬಟ್ಟೆ ಎಲ್ಲ ನಾತ, ಅವರ ಕೋಟ್ ತೆಗೆದು ಗೂಟಕ್ಕೆ ಹಾಕಿ ಪಕ್ಕದಲ್ಲೇ ಕೂತು ಊಟ ಮಾಡಿದ್ದು ಯಾರು ಗೊತ್ತಾ, ನಮ್ಮಲ್ಲಿ ಹೇಳೋ ಹಾಗೆ ಅಯ್ಯನವರು. ಪ್ರಸಂಗದಲ್ಲಿ ಮತ್ತಾಯ 25 ಎಷ್ಟು ಸಲ ಕೇಳಿಲ್ಲ ನಾವು, ಹಸಿದಿದ್ದೆನು ಊಟ ಕೊಟ್ಟಿರಿ, ರೋಗದಲ್ಲಿದ್ದೆನು ನೋಡಕ್ಕೆ ಬಂದಿರಿ ಅಂತ. ಅದು ಹೇಗಿರತ್ತೆ ಅಂತ ಅವತ್ತು ಕಣ್ಣಲ್ಲಿ ನೋಡ್ದೆ.

ಹರಕೆ ವಿಷಯ. ಮಾರ್ಕ 7ನೇ ಅಧ್ಯಾಯ ತೆಗೆದು ನೋಡಿ. ಅಪ್ಪ ಅಮ್ಮಂಗೆ ಸಲ್ಲಬೇಕಾದ್ದನ್ನ ಕೊರ್ಬಾನ್, ದೇವರಿಗೆ ಕೊಟ್ಟಾಯ್ತು ಅಂದುಬಿಟ್ಟು ಕೈತೊಳ್ಕೊಳ್ತಿದ್ದವರನ್ನ ಯೇಸು ಎಷ್ಟು ಗಟ್ಟಿಯಾಗಿ ಬೈದಿದಾರೆ. ಅಲ್ಲಿ ತಂದೆ ತಾಯಿ, ಇದು ಅಣ್ಣ ಅಂತೀರೇನೋ. ಅಜ್ಜ ಹೋದ್ಮೇಲೆ ಸ್ಕೂಲು ಬಿಟ್ಟು ಕಂಡವರ ತೋಟದಲ್ಲಿ ಅಡಿಕೆ ಕೊನೆ ಕೊಯ್ದು ನಿಮ್ಮನ್ನ ಮೇಷ್ಟ್ರಾಗೋ ಟಿಸಿಎಚ್ ಓದಿಸಿದ್ದು ಯಾರಪ್ಪ? ಎರಡು ಸಾಲು ಅಡಿಕೆ ಮರ, ಒಂದು ನೀರಿನ ಕಾಲುವೆ, ಇಷ್ಟಕ್ಕೆ ಇಷ್ಟು ವರ್ಷ ಮಾತು ಬಿಟ್ಟಿದೀರಿ. ತಪ್ಪು ಅವರದ್ದೂ ಇದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಕಾಣಿಕೆಯನ್ನ ಯಜ್ಞವೇದಿ ಮುಂದೆ ಬಿಟ್ಟು ಮೊದಲು ಸಹೋದರನ ಹತ್ರ ಹೋಗು ಅಂತ ಮತ್ತಾಯ 5ರಲ್ಲಿ ಹೇಳೋವಾಗ ತಪ್ಪು ಯಾರದ್ದು ಅಂತ ಯೇಸು ಲೆಕ್ಕ ಕೇಳಲಿಲ್ಲ, ಅವನಿಗೆ ನಿನ್ನ ಮೇಲೆ ಏನಾದ್ರೂ ಇದ್ರೆ ಹೋಗು ಅಂದ್ರು ಅಷ್ಟೆ.

ಆ ದುಡ್ಡು ಪೂರ್ತಿ ದೊಡ್ಡಮ್ಮನ ಕೈಲಿ ಕೊಡಿ. ಬೆಳೆ ಹಬ್ಬಕ್ಕೆ ನಮ್ಮನೆಯಿಂದ ಒಂದು ಬಾಳೆಗೊನೆ, ನಾಲ್ಕು ತೆಂಗಿನಕಾಯಿ ಹೋಗ್ಲಿ ಸಾಕು. ಅಯ್ಯನವರು ಏನಾದ್ರೂ ಕೇಳಿದ್ರೆ ಮಗಳು ಹೇಳಿದ್ಳು ಅನ್ನಿ, ನಾನು ಫೋನ್ ಮಾಡಿ ಮಾತಾಡ್ತೀನಿ.

ಹೋಗೋವಾಗ ಎಳನೀರು, ಬಾಳೆಹಣ್ಣು ತಗೊಂಡು ಹೋಗ್ಬೇಡಿ! ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಲಸ ಮಾಡದವರಿಗೆ ಹೃದಯಕ್ಕೇ ಅಪಾಯ, ನೋಡಕ್ಕೆ ಬರೋರೆಲ್ಲ ನಮ್ಮ ಕಡೆ ಅದನ್ನೇ ತರ್ತಾರೆ. ನೀರು ಡಾಕ್ಟರ್ ಹೇಳಿದ ಅಳತೆಯಷ್ಟೇ, ಉಪ್ಪಿನಕಾಯಿ ಬೇಡ. ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿರೋದು) ಮಾಡಿದ ಕೈಯಲ್ಲಿ ಬಿಪಿ ನೋಡಕ್ಕೆ, ಡಯಾಲಿಸಿಸ್ ಬಿಟ್ಟು ಬೇರೆ ಯಾವುದಕ್ಕೂ ಸೂಜಿ ಚುಚ್ಚಕ್ಕೆ ಬಿಡಬಾರದು, ಆ ಕೈಯಲ್ಲಿ ಭಾರ ಎತ್ತಬಾರದು. ಡಯಾಲಿಸಿಸ್ ಒಂದು ಸಲಕ್ಕೆ ಸುಮಾರು 4 ಗಂಟೆ, ಆಮೇಲೆ ಪೂರ್ತಿ ಸುಸ್ತಾಗತ್ತೆ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್ ಬಸ್ಸಲ್ಲಿ ನಿಂತ್ಕೊಂಡು ಬರೋದು ಅವರಿಗೆ ಆಗಲ್ಲ, ಸುನಿಗೆ ಕಾರಲ್ಲಿ ಬಿಟ್ಟು ಬರಕ್ಕೆ ಹೇಳಿ. ತಾಲೂಕು ಆಸ್ಪತ್ರೆಯಲ್ಲೇ ಮಾಡ್ತಾರಾ ಅಂತ ವಿಚಾರಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡ್ ಇದ್ರೆ ಫ್ರೀ ಇರತ್ತೆ, ಅವರ ಕಾರ್ಡ್ ಎಲ್ಲಿದೆ ಅಂತ ಹುಡುಕಿಸಿ. ಫಾರಂ ತುಂಬೋದು ಅಪ್ಪನೇ ಮಾಡ್ಲಿ, ದೊಡ್ಡಪ್ಪಂಗೆ ಅದೆಲ್ಲ ಗೊತ್ತಾಗಲ್ಲ.

ಅಪ್ಪ, ಬೇಜಾರು ಮಾಡ್ಕೋಬೇಡಿ. ಯಾಕೋಬ 2ನ್ನ ನನಗೆ ಕಲಿಸಿದ್ದು ನೀವೇ, ಅದಕ್ಕೇ ನಿಮಗೇ ಬರೀತಿದೀನಿ. ಬೆಳೆ ಹಬ್ಬಕ್ಕೆ ಮುಂಚೆ ಹೋಗಿ ಬನ್ನಿ, ಸಾಧ್ಯ ಆದ್ರೆ ನಾಳೆನೇ. ಅಮ್ಮನೂ ಜೊತೆಗೆ ಹೋಗ್ಲಿ. ನಂಗೆ ಏನೂ ತೊಂದ್ರೆ ಇಲ್ಲ, ದುಡ್ಡಿಗೂ ತೊಂದ್ರೆ ಇಲ್ಲ, ಇನ್ನೂ ಕಳಿಸ್ತೀನಿ, ನಿಜವಾಗ್ಲೂ ಆರಾಮಿದೀನಿ.

ನೈಟ್ ಶಿಫ್ಟಿಗೆ ಟ್ರೈನ್ ಹಿಡೀಬೇಕು, ಅಜ್ಜಿ ಕಣ್ಣಿನ ಡ್ರಾಪ್ಸ್ ಮರೀಬೇಡಿ, ಸುನಿಗೆ ಫೋನ್ ಮಾಡಕ್ಕೆ ಹೇಳಿ.

ನಿಮ್ಮ
ಬೇಬಿ